ವಾಹನ ಪ್ರಶ್ನೋತ್ತರ: ಕ್ರೌನ್-ಪಿನಿಯನ್ ಬದಲಿಸಿದರೆ ಪಿಕಪ್ ಹೆಚ್ಚುತ್ತದೆಯೇ?

ಈ ಸಲ ಬಂದ ಪತ್ರಗಳ ಪೈಕಿ ನಾಲ್ಕು ಒಂದೇ ವಿಷಯವನ್ನು ಕುರಿತಿವೆ. ಡಿಫರೆನ್ಷಿಯಲ್ಲಿನ, ಅಂದರೆ ಎಂಜಿನ್ನಿನ ಬಲವನ್ನು ಎಡ ಬಲ ಚಕ್ರಗಳಿಗೆ ಹಂಚುವ ಗೇರುಗಳ ಪೆಟ್ಟಿಗೆಯ, ಹಲ್ಲುಗಳ ಅನುಪಾತವನ್ನು ಬದಲಿಸಿ ವಾಹನದ ವೇಗವರ್ಧನೆಯನ್ನು (ಪಿಕಪ್) ಹೆಚ್ಚಿಸಿಕೊಳ್ಳುವ ವಿಚಾರ ಅದು. ಅಲ್ಲಿ ಎಂಜಿನ್ ಕಡೆಯಿಂದ ತಿರುಗುವ ಸಣ್ಣ ಗೇರು ಪಿನಿಯನ್, ಅದು ತಿರುಗಿಸುವ ದೊಡ್ಡ ಗೇರು ಕ್ರೌನ್. ಆದ್ದರಿಂದ ಅವುಗಳಿಗೆ ಒಟ್ಟಿಗೇ ಉತ್ತರಿಸಿದ್ದೇನೆ.

ಪ್ರಶ್ನೆ: ನನ್ನದು ಹಿಂದಿನ ಚಕ್ರಗಳಿಗೆ ಮಾತ್ರ ಚಾಲನೆಯಿರುವ ಹಳೆಯ ಡೀಸೆಲ್ ಜೀಪು. ಗೇರ್ ಅನುಪಾತಗಳು ಎರಡನೆಯದು 2.2, ಮೂರನೆಯದು 1.4, ನಾಲ್ಕನೆಯದು 1, ಐದನೆಯದು 0.85. ಕ್ರೌನಿನಲ್ಲಿ 41, ಪಿನಿಯನ್ನಿನಲ್ಲಿ 11 ಹಲ್ಲುಗಳಿವೆ. ಎಂಜಿನ್ ನಿಮಿಷಕ್ಕೆ 4,000 ಸುತ್ತಿನ ಆಚೆಗೆ ಏರುವುದಿಲ್ಲ. ಕಳೆದ ವರ್ಷ 215/75 ಆರ್15 ಟೈರುಗಳನ್ನು ತೆಗೆಸಿ 235/75 ಆರ್15 ಹಾಕಿಸಿದೆ. ಸಿರಾ ಕಡೆಗೆ ಹೋಗುವಾಗ ಲಾರಿಗಳನ್ನು ಹಿಂದಿಕ್ಕಲು ಪಿಕಪ್ ಸಾಲದು. ದೇವರಾಯನದುರ್ಗದ ಏರಿನಲ್ಲಿಯೂ ಎಳೆತ ಕಡಿಮೆ. ಗುಜರಿಯಲ್ಲಿ 41ಕ್ಕೆ 9 ಹಲ್ಲಿನ ಜೋಡಿಯೊಂದು ಸಿಕ್ಕಿದೆ, ಅದನ್ನು ಕೂರಿಸಿದರೆ ಎಲ್ಲವೂ ಸರಿಹೋಗುತ್ತದೆ ಎಂದು ನಮ್ಮ ಮೆಕ್ಯಾನಿಕ್ ಹೇಳುತ್ತಾರೆ. ಹಾಕಿಸಬಹುದೇ?
— ಓದುಗರೊಬ್ಬರು, ತುಮಕೂರು

ಉತ್ತರ: 9 ಹಲ್ಲಿನ ಪಿನಿಯನ್ ನಿಮಗೆ ಬೇಡ. 41ಕ್ಕೆ 10 ಹಲ್ಲಿನ ಜೋಡಿಯನ್ನು ಬೇಕಾದರೆ ಪರಿಶೀಲಿಸಬಹುದು, ಆದರೆ ಅದಕ್ಕೂ ಮೊದಲು ನಿಮ್ಮ ಟೈರುಗಳ ವಿಷಯವನ್ನು ಇತ್ಯರ್ಥ ಮಾಡಿಕೊಳ್ಳಬೇಕು. ಹೀಗೆ ಹೇಳುವುದಕ್ಕೆ ಲೆಕ್ಕದ ಆಧಾರವಿದೆ. ನೀವು ಅಂಕಿಗಳನ್ನೆಲ್ಲ ಕೊಟ್ಟಿರುವುದರಿಂದ ಅದನ್ನು ಪೂರ್ತಿಯಾಗಿ ಬಿಡಿಸಿ ತೋರಿಸುತ್ತೇನೆ.

ಈಗಿನ ಅನುಪಾತ 41 ಭಾಗಿಸು 11, ಅಂದರೆ 3.73. ಬಲವನ್ನು ಡಿಫರೆನ್ಷಿಯಲ್ಲಿಗೆ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್ 3.73 ಸುತ್ತು ತಿರುಗಿದಾಗ ಚಕ್ರ ಒಂದು ಸುತ್ತು ತಿರುಗುತ್ತದೆ. 10 ಹಲ್ಲಿನ ಪಿನಿಯನ್ ಹಾಕಿದರೆ ಅದು 4.10 ಆಗುತ್ತದೆ, 9 ಹಲ್ಲಿನದಾದರೆ 4.56. ಅದೇ ಗೇರಿನಲ್ಲಿ, ಅದೇ ಎಂಜಿನ್ ವೇಗದಲ್ಲಿ ಚಕ್ರಕ್ಕೆ ಸಿಗುವ ಎಳೆತ ಮೊದಲನೆಯದರಲ್ಲಿ ನೂರಕ್ಕೆ 10ರಷ್ಟು, ಎರಡನೆಯದರಲ್ಲಿ ನೂರಕ್ಕೆ 22ರಷ್ಟು ಹೆಚ್ಚುತ್ತದೆ. ಇಷ್ಟರಮಟ್ಟಿಗೆ ನಿಮ್ಮ ಮೆಕ್ಯಾನಿಕ್ ಹೇಳಿದ್ದು ಸರಿ. ಆದರೆ ಎಂಜಿನ್ನಿನ ಶಕ್ತಿ ಇದರಿಂದ ಎಳ್ಳಷ್ಟೂ ಹೆಚ್ಚುವುದಿಲ್ಲ. ಎಳೆತ ಎಷ್ಟು ಹೆಚ್ಚಿತೋ ಆ ಗೇರಿನಲ್ಲಿ ತಲುಪಬಹುದಾದ ವೇಗ ಅಷ್ಟೇ ಪ್ರಮಾಣದಲ್ಲಿ ಇಳಿಯುತ್ತದೆ. ಹೀಗಾಗಿ ನಿಮಗೆ ಯಾವ ವೇಗದಲ್ಲಿ ಎಳೆತ ಬೇಕಾಗಿದೆ ಎಂಬುದೇ ಇಲ್ಲಿ ತೀರ್ಮಾನವಾಗಬೇಕಾದ ಸಂಗತಿ.

ಭಾರ ಬಿದ್ದಾಗ 215/75 ಆರ್15 ಟೈರಿನ ಸುತ್ತಳತೆಯನ್ನು ಸುಮಾರು 2.15 ಮೀಟರ್ ಎಂದು ಹಿಡಿಯೋಣ. 3.73ರ ಜೋಡಿಯಲ್ಲಿ ಮೂರನೆಯ ಗೇರ್ 4,000 ಸುತ್ತಿಗೆ ಗಂಟೆಗೆ ಸುಮಾರು 99 ಕಿಲೋಮೀಟರ್ ವೇಗವನ್ನು ಕೊಡುತ್ತದೆ. 4.10ರಲ್ಲಿ ಅದು 90ಕ್ಕೆ, 4.56ರಲ್ಲಿ 81ಕ್ಕೆ ಇಳಿಯುತ್ತದೆ. ಲಾರಿಯೊಂದು 60ರ ವೇಗದಲ್ಲಿ ಹೋಗುತ್ತಿದ್ದು, ನೀವು ಅದರ ಹಿಂದಿನಿಂದ ಬಲಕ್ಕೆ ಬಂದು 85 ಅಥವಾ 90ರವರೆಗೆ ವೇಗ ಹೆಚ್ಚಿಸಿಕೊಂಡು ದಾಟಬೇಕು ಎಂದಿಟ್ಟುಕೊಳ್ಳಿ. ಈಗಿನ ಜೋಡಿಯಲ್ಲಿ ಇದನ್ನೆಲ್ಲ ಮೂರನೆಯ ಗೇರಿನಲ್ಲಿಯೇ ಮುಗಿಸಬಹುದು. 9 ಹಲ್ಲಿನ ಪಿನಿಯನ್ ಹಾಕಿಸಿದರೆ ಲಾರಿಯ ಪಕ್ಕದಲ್ಲಿ ಇರುವಾಗಲೇ ಎಂಜಿನ್ ತನ್ನ ಮಿತಿಯನ್ನು ಮುಟ್ಟುತ್ತದೆ. ಕ್ಲಚ್ ಒತ್ತಿ ನಾಲ್ಕನೆಯ ಗೇರಿಗೆ ಹೋಗಬೇಕಾಗುತ್ತದೆ. ಹಾಗೆ ಹೋದ ಮೇಲೆ ಒಟ್ಟು ಅನುಪಾತ 4.56. ಅದೇ ವೇಗದಲ್ಲಿ ಈಗಿನ ಜೋಡಿಯ ಮೂರನೆಯ ಗೇರಿನ ಒಟ್ಟು ಅನುಪಾತ 1.4 ಗುಣಿಸು 3.73, ಅಂದರೆ 5.22. ಪಿಕಪ್ಪಿಗಾಗಿ ಹಣ ಕೊಟ್ಟು ಮಾಡಿಸಿದ ಬದಲಾವಣೆಯಿಂದ, ಅತ್ಯಂತ ಅಗತ್ಯವಾದ ಗಳಿಗೆಯಲ್ಲಿ ಎಳೆತ ಮೊದಲಿಗಿಂತ ಕಡಿಮೆಯಾಗುತ್ತದೆ. ಹೆದ್ದಾರಿಯಲ್ಲಿ ಇದು ಪ್ರಾಣಕ್ಕೆ ಸಂಬಂಧಿಸಿದ ಮಾತು. ಆದ್ದರಿಂದಲೇ ಆ ಜೋಡಿ ಬೇಡವೆಂದು ಮೊದಲೇ ಹೇಳಿದೆ.

ಗಂಟೆಗೆ 90 ಕಿಲೋಮೀಟರ್ ವೇಗದಲ್ಲಿ ಐದನೆಯ ಗೇರಿನಲ್ಲಿ ಓಡುವಾಗ ಎಂಜಿನ್ 3.73ರಲ್ಲಿ ಸುಮಾರು 2,210 ಸುತ್ತು ತಿರುಗುತ್ತದೆ, 4.10ರಲ್ಲಿ 2,430, 4.56ರಲ್ಲಿ 2,700. ತುಮಕೂರಿನಿಂದ ಸಿರಾ, ಹಿರಿಯೂರು ದಾಟಿ ಹೋಗುವಂಥ ನೇರ ರಸ್ತೆಯಲ್ಲಿ ಗಂಟೆಗಟ್ಟಲೆ ಹೀಗೆ ಓಡಿದರೆ ಡೀಸೆಲ್ ಖರ್ಚು, ಸದ್ದು, ಎಂಜಿನ್ ಸವೆತ ಮೂರೂ ಏರುತ್ತವೆ. ಪ್ರೊಪೆಲ್ಲರ್ ಶಾಫ್ಟ್ ಕೂಡ ಅದೇ ಪ್ರಮಾಣದಲ್ಲಿ ವೇಗವಾಗಿ ತಿರುಗುವುದರಿಂದ, ಹಳೆಯ ಗಾಡಿಗಳಲ್ಲಿ ಅದುವರೆಗೆ ಗೊತ್ತಾಗದಿದ್ದ ಅದುರು ಕಾಣಿಸಿಕೊಳ್ಳಬಹುದು. ಇನ್ನೊಂದು ಮಾತು: ಎಳೆತ ನೂರಕ್ಕೆ 10ರಷ್ಟು ಹೆಚ್ಚಿತೆಂದು 0ಯಿಂದ 100 ತಲುಪುವ ಸಮಯ ಅಷ್ಟೇ ತಗ್ಗುವುದಿಲ್ಲ. ಫ್ಲೈವೀಲು ಮತ್ತಿತರ ತಿರುಗುವ ಭಾಗಗಳನ್ನು ಇನ್ನೂ ಬೇಗ ಬೇಗ ವೇಗಕ್ಕೇರಿಸುವುದರಲ್ಲಿ ಒಂದಿಷ್ಟು ಬಲ ಕಳೆದುಹೋಗುತ್ತದೆ, ಗೇರ್ ಬದಲಾವಣೆಗಳೂ ಹೆಚ್ಚುತ್ತವೆ.

ಈಗ ಟೈರುಗಳ ವಿಷಯ. ಹಳೆಯ ಟೈರಿನ ವ್ಯಾಸ 703 ಮಿಲಿಮೀಟರ್‌ಗಿಂತ ಸ್ವಲ್ಪ ಹೆಚ್ಚು, ಹೊಸದರದು 733ಕ್ಕಿಂತ ಸ್ವಲ್ಪ ಹೆಚ್ಚು. ವ್ಯತ್ಯಾಸ ನೂರಕ್ಕೆ 4.3. ದೊಡ್ಡ ಟೈರನ್ನು ಹಾಕುವುದೆಂದರೆ ಕ್ರೌನ್-ಪಿನಿಯನ್ನನ್ನು ವಿರುದ್ಧ ದಿಕ್ಕಿನಲ್ಲಿ ಬದಲಿಸಿದಂತೆಯೇ, ನಿಮ್ಮ 3.73 ಕಳೆದ ವರ್ಷದಿಂದ 3.57ರಂತೆ ಕೆಲಸ ಮಾಡುತ್ತಿದೆ. ಹೊಸ ಟೈರು ಹೆಚ್ಚು ಭಾರವಾಗಿದ್ದರೆ ನಷ್ಟ ಇನ್ನೂ ಹೆಚ್ಚು. ಅಂದರೆ ನೀವು 4.10ರ ಜೋಡಿಯಿಂದ ಪಡೆಯಬೇಕೆಂದಿರುವ ಲಾಭದ ಅರ್ಧಕ್ಕೆ ಹತ್ತಿರದಷ್ಟನ್ನು, ಡಿಫರೆನ್ಷಿಯಲ್ಲನ್ನು ಮುಟ್ಟದೆ, ಹಳೆಯ ಅಳತೆಯ ಟೈರಿಗೆ ಮರಳಿಯೇ ಪಡೆಯಬಹುದು. ನಿಮ್ಮ ಗಾಡಿಗೆ ನಾನು ಮೊದಲು ಮಾಡಿಸಲು ಹೇಳುವ ಕೆಲಸ ಇದೇ.

ಜೊತೆಗೆ ಎಳೆತ ಬೇರೆಲ್ಲಾದರೂ ಸೋರಿಹೋಗುತ್ತಿದೆಯೇ ಎಂದು ನೋಡಬೇಕು. ನಾಲ್ಕನೆಯ ಗೇರಿನಲ್ಲಿ 40ರ ವೇಗದಲ್ಲಿ ಹೋಗುತ್ತಾ ಆಕ್ಸಿಲರೇಟರನ್ನು ಪೂರ್ತಿ ಒತ್ತಿದಾಗ ಎಂಜಿನ್ ಸದ್ದು ಏರಿ ಗಾಡಿಯ ವೇಗ ಏರದಿದ್ದರೆ ಕ್ಲಚ್ ಜಾರುತ್ತಿದೆ ಎಂದು ಅರ್ಥ. ಬ್ರೇಕನ್ನು ಹೆಚ್ಚು ಬಳಸದೆ ಒಂದಷ್ಟು ದೂರ ಓಡಿಸಿ ನಿಲ್ಲಿಸಿದಾಗ ಯಾವುದಾದರೂ ಒಂದು ಡ್ರಮ್ಮು ಉಳಿದವುಗಳಿಗಿಂತ ಬಿಸಿಯಾಗಿದ್ದರೆ ಆ ಬ್ರೇಕ್ ಹಿಡಿದುಕೊಂಡಿದೆ. ಕಟ್ಟಿದ ಏರ್ ಫಿಲ್ಟರ್, ಟರ್ಬೋ ಇದ್ದರೆ ಅದರ ಸೀಳಿದ ಕೊಳವೆ, ಕೆಟ್ಟ ಇಂಜೆಕ್ಟರ್ ಇವೆಲ್ಲವೂ ನೂರಕ್ಕೆ ಹತ್ತಕ್ಕಿಂತ ಹೆಚ್ಚು ಬಲವನ್ನು ತಿಂದುಹಾಕಬಲ್ಲವು.

ಇಷ್ಟೆಲ್ಲ ಆದ ಮೇಲೂ 4.10 ಬೇಕೆನಿಸಿದರೆ, ಅದೇ ಹೌಸಿಂಗಿಗೆ (ಡಿಫರೆನ್ಷಿಯಲ್ಲಿನ ಹೊರಕವಚಕ್ಕೆ) ತಯಾರಕರೇ ಕೊಡುವ ಹೊಸ ಜೋಡಿಯನ್ನೇ ತೆಗೆದುಕೊಳ್ಳಿ. ಕ್ರೌನು ಮತ್ತು ಪಿನಿಯನ್ನುಗಳನ್ನು ಕಾರ್ಖಾನೆಯಲ್ಲಿ ಒಂದಕ್ಕೊಂದು ಉಜ್ಜಿ ಹೊಂದಿಸಿ, ಎರಡರ ಮೇಲೂ ಒಂದೇ ಸಂಖ್ಯೆಯನ್ನು ಕೆತ್ತಿರುತ್ತಾರೆ. ಒಂದು ಗಾಡಿಯ ಕ್ರೌನಿಗೆ ಇನ್ನೊಂದರ ಪಿನಿಯನ್ ಸೇರಿಸಿದ ಜೋಡಿ ಬೇಗ ಹಾಳಾಗುತ್ತದೆ. ಗುಜರಿಯಲ್ಲಿ ಸಿಗುವುದು ಹಾಗೆ ಕಲೆತದ್ದೋ ಅಲ್ಲವೋ ಎಂಬುದನ್ನು ಸಂಖ್ಯೆ ನೋಡಿಯೇ ತಿಳಿಯಬೇಕು. ಸಂಖ್ಯೆ ಸರಿಯಿದ್ದರೂ ಹಲ್ಲುಗಳು ಹಳೆಯ ಹೌಸಿಂಗಿನಲ್ಲಿ ಸವೆದ ರೀತಿಯೇ ಬೇರೆಯಾಗಿರುತ್ತದೆ. ಇದಲ್ಲದೆ ಹಲ್ಲು ಕಡಿಮೆಯಾದಷ್ಟೂ ಪಿನಿಯನ್ನಿನ ತಲೆ ಸಣ್ಣದಾಗುತ್ತದೆ, ಭಾರವನ್ನು ತಡೆಯುವ ಶಕ್ತಿಯೂ ತಗ್ಗುತ್ತದೆ.

ಜೋಡಣೆಯಲ್ಲಿ ಆತುರ ಸಲ್ಲದು. ಪಿನಿಯನ್ ಎಷ್ಟು ಒಳಗೆ ಕೂರಬೇಕು ಎಂಬುದನ್ನು ಶಿಮ್ಮುಗಳೆಂಬ ತೆಳು ಬಿಲ್ಲೆಗಳಿಂದ ಹೊಂದಿಸಬೇಕು, ಬೇರಿಂಗುಗಳ ಬಿಗಿಯನ್ನು ಅಳೆದು ನಿಗದಿಪಡಿಸಬೇಕು, ಬಿಗಿಮಾಡಿದಾಗ ಕುಸಿದು ಬೇರಿಂಗಿನ ಬಿಗಿಯನ್ನು ಹಿಡಿದಿಡುವ ಸ್ಪೇಸರ್ (ಕೊಳವೆಯಂಥ ತುಂಡು) ಇರುವ ಹೌಸಿಂಗಾದರೆ ಅದನ್ನು ಹೊಸದಾಗಿಯೇ ಹಾಕಬೇಕು. ಕ್ರೌನು ಮತ್ತು ಪಿನಿಯನ್ನಿನ ಹಲ್ಲುಗಳ ನಡುವಿನ ಸಡಿಲ (ಪ್ಲೇ) ಇಂಥ ಗಾಡಿಗಳಲ್ಲಿ ಸಾಮಾನ್ಯವಾಗಿ 0.13ರಿಂದ 0.20 ಮಿಲಿಮೀಟರ್ ಇರುತ್ತದೆ. ಇದನ್ನು ಡಯಲ್ ಗೇಜಿನಿಂದ ಅಳೆಯಬೇಕೇ ಹೊರತು ಕೈಯಿಂದ ಅಲ್ಲಾಡಿಸಿ ಊಹಿಸುವಂತಿಲ್ಲ. ಗೇಜು ಇಲ್ಲದ ಗ್ಯಾರೇಜಿನಲ್ಲಿ ಈ ಕೆಲಸವನ್ನು ಮಾಡಿಸಲೇಬೇಡಿ. ಕೊನೆಗೆ ಹಲ್ಲುಗಳಿಗೆ ಬಣ್ಣ ಹಚ್ಚಿ ತಿರುಗಿಸಿದಾಗ ಗುರುತು ಹಲ್ಲಿನ ನಡುಭಾಗದಲ್ಲಿ ಮೂಡಬೇಕು. ತುದಿಯಲ್ಲಿಯೋ ಬುಡದಲ್ಲಿಯೋ ಮೂಡಿದರೆ ಬಿಚ್ಚಿ ಮತ್ತೆ ಹೊಂದಿಸಬೇಕು. ಡಿಫರೆನ್ಷಿಯಲ್ಲಿಗೆ ಹಾಕುವ ಎಣ್ಣೆ ಜಿಎಲ್-5 ದರ್ಜೆಯದ್ದಾಗಿರಲಿ (ಹೆಚ್ಚಿನ ಒತ್ತಡವನ್ನು ತಡೆಯುವ ಗೇರ್ ಎಣ್ಣೆ), ಆದರೆ ಅದೇ ಎಣ್ಣೆಯನ್ನು ಗೇರ್‌ಬಾಕ್ಸಿಗೆ ಹಾಕಿಸಬೇಡಿ. ಗೇರ್ ಬದಲಿಸುವಾಗ ವೇಗಗಳನ್ನು ಹೊಂದಿಸುವ ಅಲ್ಲಿನ ಹಿತ್ತಾಳೆಯ ಸಿಂಕ್ರೋ ರಿಂಗುಗಳಿಗೆ ಅದು ಹಾನಿಮಾಡಬಹುದು. ಮೊದಲ 20 ಕಿಲೋಮೀಟರ್ ನಿಧಾನವಾಗಿ ಓಡಿಸಿ, ಹೌಸಿಂಗ್ ಪೂರ್ತಿ ತಣಿಯಲು ಬಿಡಿ. ಮೊದಲ 500 ಕಿಲೋಮೀಟರ್‌ವರೆಗೆ ಭಾರ ಹೇರದೆ ಓಡಿಸಿ, ಆಮೇಲೆ ಎಣ್ಣೆಯನ್ನು ಬದಲಿಸಿ.

ನಿಮ್ಮ ಗಾಡಿಯಲ್ಲಿ ಸ್ಪೀಡೋಮೀಟರಿನ ತಂತಿ ಗೇರ್‌ಬಾಕ್ಸಿನ ಹಿಂತುದಿಯಿಂದ ಬರುತ್ತಿದ್ದರೆ, 4.10 ಮತ್ತು ಹಳೆಯ ಅಳತೆಯ ಟೈರುಗಳೊಂದಿಗೆ ಅದು ನಿಜವಾದ ವೇಗಕ್ಕಿಂತ ನೂರಕ್ಕೆ 10ರಷ್ಟು ಹೆಚ್ಚು ತೋರಿಸುತ್ತದೆ. ಓಡಿದ ದೂರವೂ ಹಾಗೆಯೇ ದಾಖಲಾಗುತ್ತದೆ. ಸ್ಪೀಡೋಮೀಟರಿನ ಸಣ್ಣ ಗೇರನ್ನು ಬದಲಿಸಿ ಇದನ್ನು ಸರಿಪಡಿಸಬಹುದು. ಕಾನೂನಿನ ವಿಷಯಕ್ಕೆ ಬಂದರೆ, 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮು ವಾಹನದ ಮಾರ್ಪಾಡನ್ನು ನಿರ್ಬಂಧಿಸುತ್ತದೆ. 2019ರ ತಿದ್ದುಪಡಿಯಲ್ಲಿ ಸೇರಿದ 182ಎ ಕಲಮಿನ ಪ್ರಕಾರ ಅನುಮತಿಯಿಲ್ಲದ ಪ್ರತಿಯೊಂದು ಮಾರ್ಪಾಡಿಗೆ ಮಾಲೀಕರಿಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗಿನ ಸೆರೆವಾಸ ಅಥವಾ ಎರಡನ್ನೂ ವಿಧಿಸಬಹುದು. ಆರ್‌ಸಿಯಲ್ಲಿ ಕ್ರೌನ್-ಪಿನಿಯನ್ ಅನುಪಾತವನ್ನು ನಮೂದಿಸಿರುವುದಿಲ್ಲ. ಆದರೂ ಕೆಲಸಕ್ಕೆ ಕೈಹಾಕುವ ಮೊದಲು ನಿಮ್ಮ ಆರ್‌ಟಿಒ ಕಚೇರಿಯಲ್ಲಿ ಬರವಣಿಗೆಯಲ್ಲಿ ಕೇಳಿ ಉತ್ತರ ಪಡೆಯಿರಿ, ವಿಮಾ ಕಂಪನಿಗೂ ತಿಳಿಸಿ.

ಪ್ರಶ್ನೆ: ಹಿಂದಿನ ಚಕ್ರಗಳ ಚಾಲನೆಯ ಪಿಕಪ್ ವಾಹನದಲ್ಲಿ ಕೋಲಾರದ ಎಪಿಎಂಸಿಯಿಂದ ಟೊಮೆಟೊ ತುಂಬಿಕೊಂಡು ಮುಳಬಾಗಿಲು, ಪಲಮನೇರು, ಚಿತ್ತೂರು ಮಾರ್ಗವಾಗಿ ಚೆನ್ನೈಗೆ ಹೋಗುತ್ತೇನೆ. ಬರುವಾಗ ಗಾಡಿ ಖಾಲಿ. ನೂರಕ್ಕೆ 10ರಷ್ಟು ಹೆಚ್ಚಿನ ಅನುಪಾತದ ಕ್ರೌನ್-ಪಿನಿಯನ್ ಇದೇ ಕಂಪನಿಯ ಇನ್ನೊಂದು ಮಾದರಿಯಲ್ಲಿದೆ. ಅದನ್ನು ಹಾಕಿಸಿದರೆ ಲಾಭವಿದೆಯೇ?
— ಓದುಗರೊಬ್ಬರು, ಕೋಲಾರ

ಉತ್ತರ: ಭಾರ ಹೊರುವ ವಾಹನಕ್ಕೆ ಹೆಚ್ಚಿನ ಅನುಪಾತ ಒಪ್ಪುತ್ತದೆ, ನಿಂತಲ್ಲಿಂದ ಹೊರಡುವಾಗ ಕ್ಲಚ್ಚಿನ ಸವೆತ ತಗ್ಗುತ್ತದೆ, ಏರಿನಲ್ಲಿ ಗೇರ್ ಇಳಿಸುವ ಪ್ರಮೇಯ ಕಡಿಮೆಯಾಗುತ್ತದೆ. ಆದರೆ ನಿಮ್ಮ ದಾರಿ ಬೇರೆ ಬಗೆಯದು. ಕೋಲಾರದ ಎತ್ತರದ ಬಯಲಿನಿಂದ ಹೊರಟ ಗಾಡಿ ಮೊಗಿಲಿ ಘಾಟಿನಲ್ಲಿ ಚಿತ್ತೂರಿನ ಕಡೆಗೆ ಇಳಿಯುತ್ತದೆ. ತುಂಬಿದ ಗಾಡಿ ಇಳಿಯುತ್ತದೆ, ಖಾಲಿ ಗಾಡಿ ಹತ್ತುತ್ತದೆ. ಎಳೆತ ಹೆಚ್ಚಾಗಿ ಬೇಕಾದ ಏರಿನಲ್ಲಿ ನಿಮಗೆ ಭಾರವೇ ಇರುವುದಿಲ್ಲ. ಇಳಿಯುವಾಗ ಹೆಚ್ಚಿನ ಅನುಪಾತದಿಂದ ಎಂಜಿನ್ನಿನ ತಡೆ ಅದೇ ಗೇರಿನಲ್ಲಿ ಸ್ವಲ್ಪ ಹೆಚ್ಚು ಸಿಗುತ್ತದೆ ಎಂಬುದು ನಿಜ, ಆದರೆ ಒಂದು ಗೇರು ಇಳಿಸಿದರೆ ಅದಕ್ಕಿಂತ ಎಷ್ಟೋ ಹೆಚ್ಚಿನ ತಡೆ ಈಗಲೇ ಸಿಗುತ್ತದೆ. ಘಾಟಿಗೆ ಮುಂಚೆಯೇ ಗೇರ್ ಇಳಿಸಿಕೊಂಡು, ಬ್ರೇಕುಗಳನ್ನು ಕಾಯಿಸದೆ ಇಳಿಯುವುದೇ ಕ್ಷೇಮ. ಉಳಿದ ದಾರಿಯೆಲ್ಲ ಹೆದ್ದಾರಿ. ಅಲ್ಲಿ ಪ್ರತಿ ಪ್ರಯಾಣದಲ್ಲಿಯೂ ಡೀಸೆಲ್ ಹೆಚ್ಚಾಗಿ ಖರ್ಚಾಗುತ್ತದೆ.

ಇನ್ನೊಂದು ತೊಡಕಿದೆ. ಸರಕು ವಾಹನಗಳಿಗೆ ಕೇಂದ್ರ ಮೋಟಾರು ವಾಹನ ನಿಯಮಗಳ 118ನೆಯ ನಿಯಮದಂತೆ ಗಂಟೆಗೆ 80 ಕಿಲೋಮೀಟರ್‌ಗೆ ವೇಗ ನಿಯಂತ್ರಕವನ್ನು ನಿಗದಿಪಡಿಸಿರುತ್ತಾರೆ. ಅದು ಗೇರ್‌ಬಾಕ್ಸಿನ ಸಂವೇದಕವನ್ನು ಅವಲಂಬಿಸಿದ್ದರೆ, ಅನುಪಾತ ಬದಲಾದ ಮೇಲೆ ನಿಜವಾದ ವೇಗ 73ರ ಆಸುಪಾಸಿನಲ್ಲಿ ಇರುವಾಗಲೇ ಅದು ಎಂಜಿನ್ನನ್ನು ತಡೆಯುತ್ತದೆ. ಟೊಮೆಟೊ ಸಮಯಕ್ಕೆ ಸರಿಯಾಗಿ ಮಾರುಕಟ್ಟೆ ತಲುಪಬೇಕಾದವರಿಗೆ ಇದರಿಂದ ನಷ್ಟವೇ. ನಿಯಂತ್ರಕದ ಸೀಲನ್ನು ಯಾರಿಂದಲೋ ಒಡೆಸಿ ಸರಿಪಡಿಸಿಕೊಳ್ಳುವ ಹಾಗೂ ಇಲ್ಲ. ನಿಮ್ಮ ಗಾಡಿಗೆ ಈಗಿನ ಅನುಪಾತವೇ ಇರಲಿ. ಒಂದು ವೇಳೆ ಎಳೆತ ಸಾಲದೆಂದು ಅನಿಸುವುದು ನಿಗದಿಗಿಂತ ಹೆಚ್ಚು ಕ್ರೇಟುಗಳನ್ನು ಹೇರಿದಾಗ ಮಾತ್ರವಾದರೆ, ಅದಕ್ಕೆ ಡಿಫರೆನ್ಷಿಯಲ್ಲಿನಲ್ಲಿ ಪರಿಹಾರವಿಲ್ಲ. ಆಕ್ಸಲ್ ಶಾಫ್ಟು, ಬ್ರೇಕು, ಟೈರುಗಳು ಆ ಭಾರಕ್ಕಾಗಿ ಮಾಡಿದವುಗಳಲ್ಲ.

ಪ್ರಶ್ನೆ: ಮುಂದಿನ ಚಕ್ರಗಳ ಚಾಲನೆಯ ಸಣ್ಣ ಪೆಟ್ರೋಲ್ ಕಾರು, ಕೈಯಿಂದ ಬದಲಿಸುವ ಐದು ಗೇರು. ನಂದಿ ಬೆಟ್ಟ ಹತ್ತುವಾಗ ಕಾರು ಸೋಲುತ್ತದೆ. ಅದೇ ಕಾರಿನ ಡೀಸೆಲ್ ಮಾದರಿಯ ಡಿಫರೆನ್ಷಿಯಲ್ ಹಾಕಿಸಿದರೆ ಎಳೆತ ಹೆಚ್ಚುತ್ತದೆ ಎಂದು ಸ್ನೇಹಿತರು ಹೇಳುತ್ತಾರೆ. ಸರಿಯೇ?
— ಓದುಗರೊಬ್ಬರು, ಚಿಕ್ಕಬಳ್ಳಾಪುರ

ಉತ್ತರ: ಸರಿಯಲ್ಲ, ಬಹುಮಟ್ಟಿಗೆ ಪರಿಣಾಮ ತಿರುಗುಮುರುಗಾಗುತ್ತದೆ. ಡೀಸೆಲ್ ಎಂಜಿನ್ ಕಡಿಮೆ ಸುತ್ತಿನಲ್ಲಿ ಹೆಚ್ಚು ಟಾರ್ಕ್ (ತಿರುಗಿಸುವ ಬಲ) ಕೊಡುವುದರಿಂದ ಅದರ ಡಿಫರೆನ್ಷಿಯಲ್ ಅನುಪಾತವನ್ನು ಸಾಮಾನ್ಯವಾಗಿ ಪೆಟ್ರೋಲ್ ಮಾದರಿಗಿಂತ ಕಡಿಮೆ ಇಟ್ಟಿರುತ್ತಾರೆ. ಅದನ್ನು ನಿಮ್ಮ ಕಾರಿಗೆ ಹಾಕಿದರೆ ಏರು ಇನ್ನೂ ಕಷ್ಟವಾಗುತ್ತದೆ. ಇಂಥ ಕಾರುಗಳಲ್ಲಿ ಡಿಫರೆನ್ಷಿಯಲ್ ಗೇರ್‌ಬಾಕ್ಸಿನ ಒಳಗೇ ಇರುತ್ತದೆ, ಪಿನಿಯನ್ನಿನ ಕೆಲಸವನ್ನು ಗೇರ್‌ಬಾಕ್ಸಿನ ಹೊರಶಾಫ್ಟಿನ ಹಲ್ಲುಗಳೇ ಮಾಡುತ್ತವೆ. ಅನುಪಾತ ಬದಲಿಸುವುದೆಂದರೆ ಇಡೀ ಗೇರ್‌ಬಾಕ್ಸನ್ನು ಇಳಿಸಿ ಬಿಚ್ಚುವುದು. ಸಿಗುವ ಲಾಭಕ್ಕೆ ಆ ಖರ್ಚು ಹೊಂದುವುದಿಲ್ಲ. ಕ್ಲಚ್ ಪೆಡಲ್ ಇಲ್ಲದ ಕಾರುಗಳಲ್ಲಂತೂ ಗೇರ್ ಬದಲಿಸುವ ಕಂಪ್ಯೂಟರು ಹಳೆಯ ಅನುಪಾತವನ್ನೇ ನಂಬಿ ಲೆಕ್ಕ ಹಾಕುತ್ತಿರುವುದರಿಂದ ಈ ಯೋಚನೆಯನ್ನೇ ಬಿಡಬೇಕು.

ನಂದಿ ಬೆಟ್ಟದ ಎತ್ತರ 1,478 ಮೀಟರ್, ನಿಮ್ಮ ಊರಿನದು ಸುಮಾರು 900 ಮೀಟರ್. ಮೇಲೆ ಹೋದಂತೆ ಗಾಳಿ ತೆಳುವಾಗಿ ಟರ್ಬೋ ಇಲ್ಲದ ಪೆಟ್ರೋಲ್ ಎಂಜಿನ್ ಊರಿನಲ್ಲಿದ್ದುದಕ್ಕಿಂತ ನೂರಕ್ಕೆ ಐದಾರರಷ್ಟು ಬಲವನ್ನು ಕಳೆದುಕೊಳ್ಳುತ್ತದೆ, ಆದರೆ ಅದೊಂದರಿಂದಲೇ ಕಾರು ಸೋಲುವುದಿಲ್ಲ. ಮೂರನೆಯ ಗೇರಿನಿಂದ ಎರಡಕ್ಕೆ ಇಳಿದರೆ ಎಳೆತ ಸುಮಾರು ಒಂದೂವರೆ ಪಟ್ಟಾಗುತ್ತದೆ. ತಿರುವಿಗೆ ಮೊದಲೇ ಎರಡನೆಯ ಗೇರಿಗೆ ಬನ್ನಿ, ಎಂಜಿನ್ 3,000 ಸುತ್ತಿನ ಮೇಲೆ ತಿರುಗಲು ಹೆದರಬೇಡಿ. ಪೆಟ್ರೋಲ್ ಎಂಜಿನ್ನಿಗೆ ಅದರಿಂದ ಹಾನಿಯಿಲ್ಲ. ಹಾಗೆ ಮಾಡಿಯೂ ಸೋತರೆ ಕ್ಲಚ್ಚನ್ನು ಪರೀಕ್ಷೆ ಮಾಡಿಸಿ.

ಪ್ರಶ್ನೆ: ನಾಲ್ಕೂ ಚಕ್ರಗಳಿಗೆ ಚಾಲನೆ ಕೊಡಬಹುದಾದ ಜೀಪಿನಲ್ಲಿ ಹಿಂದಿನ ಕ್ರೌನ್-ಪಿನಿಯನ್ ಮಾತ್ರ 3.73ರಿಂದ 4.10ಕ್ಕೆ ಬದಲಿಸಿದ್ದಾರೆ. ಆಕ್ಸಿಲರೇಟರ್ ಒತ್ತಿದಾಗ ಗುಂಯ್ ಎಂಬ ಸದ್ದು ಬರುತ್ತದೆ, ಬಿಟ್ಟರೆ ನಿಲ್ಲುತ್ತದೆ. ಮುಂದಿನದನ್ನು ಆಮೇಲೆ ಮಾಡಿಸಿದರೆ ಸಾಕೇ?
— ಓದುಗರೊಬ್ಬರು, ಚಿಂತಾಮಣಿ

ಉತ್ತರ: ಸಾಲದು. ಹಿಂದೆ ಮುಂದೆ ಬೇರೆ ಬೇರೆ ಅನುಪಾತವಿರುವಾಗ ನಾಲ್ಕು ಚಕ್ರಗಳ ಚಾಲನೆಗೆ ಹಾಕಿದರೆ ಎರಡು ಆಕ್ಸಲ್ಲುಗಳು ನೂರಕ್ಕೆ 10ರಷ್ಟು ಬೇರೆ ವೇಗದಲ್ಲಿ ತಿರುಗಲು ಹೆಣಗುತ್ತವೆ. ಗಟ್ಟಿ ರಸ್ತೆಯಲ್ಲಿ ಟೈರು ಜಾರಿಕೊಳ್ಳಲಾರದೆ ಆ ಒತ್ತಡವೆಲ್ಲ ಬಲವನ್ನು ಹಿಂದೆ ಮುಂದೆ ಹಂಚುವ ಟ್ರಾನ್ಸ್‌ಫರ್ ಕೇಸು, ಪ್ರೊಪೆಲ್ಲರ್ ಶಾಫ್ಟುಗಳ ಮೇಲೆ ಬಿದ್ದು ಏನಾದರೊಂದು ಮುರಿಯುತ್ತದೆ. ಚಲಿಸುತ್ತಿರುವಾಗ ಮುರಿದರೆ ಗಾಡಿ ಹಿಡಿತ ತಪ್ಪಬಹುದು. ಮುಂದಿನ ಜೋಡಿಯನ್ನೂ 4.10ಕ್ಕೆ ಬದಲಿಸುವವರೆಗೆ ನಾಲ್ಕು ಚಕ್ರಗಳ ಚಾಲನೆಗೆ ಹಾಕುವ ಲಿವರನ್ನು ಮುಟ್ಟಬೇಡಿ. ಮನೆಯಲ್ಲಿ ಬೇರೆಯವರೂ ಗಾಡಿ ಓಡಿಸುವುದಾದರೆ ಮುಂದಿನ ಪ್ರೊಪೆಲ್ಲರ್ ಶಾಫ್ಟನ್ನೇ ಕಳಚಿಸಿ ಇಡಿ.

ಬಲ ಕೊಟ್ಟಾಗ ಮಾತ್ರ ಬರುವ ಸದ್ದು ಹಲ್ಲುಗಳು ಸರಿಯಾದ ಜಾಗದಲ್ಲಿ ಕಚ್ಚುತ್ತಿಲ್ಲ ಎಂಬುದರ ಲಕ್ಷಣ. ಬಹುಶಃ ಪಿನಿಯನ್ನಿನ ಆಳ ತಪ್ಪಿದೆ. ಬೇರಿಂಗಿನ ದೋಷವಾಗಿದ್ದರೆ ಆಕ್ಸಿಲರೇಟರ್ ಬಿಟ್ಟರೂ ಸದ್ದು ನಿಲ್ಲುತ್ತಿರಲಿಲ್ಲ. ಓಡಿಸುತ್ತಾ ಹೋದರೆ ತಾನಾಗಿ ಸರಿಯಾಗುತ್ತದೆ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ, ತಪ್ಪಾಗಿ ಕಚ್ಚಿದ ಹಲ್ಲು ಸವೆದಷ್ಟೂ ಕೆಡುತ್ತದೆ. ಈ ವಾರವೇ ಹೌಸಿಂಗ್ ತೆರೆಸಿ, ಬಣ್ಣ ಹಚ್ಚಿ ಗುರುತನ್ನು ನೀವೇ ಕಣ್ಣಾರೆ ನೋಡಿ. ಮುಂದಿನ ಜೋಡಿಯನ್ನು ಕೂರಿಸುವ ಮುನ್ನ ಅದರ ಅನುಪಾತವನ್ನೂ ಎಣಿಸಿ ಖಚಿತಪಡಿಸಿಕೊಳ್ಳಿ: ಕ್ರೌನಿನ ಹಲ್ಲು 41 ಇದ್ದರೆ ಪಿನಿಯನ್ನಿನದು 10 ಇರಬೇಕು. ಕೂರಿಸಿದ ಮೇಲೆ ಪರೀಕ್ಷಿಸುವುದಾದರೆ, ಗೇರನ್ನು ನ್ಯೂಟ್ರಲ್‌ನಲ್ಲಿಟ್ಟು, ಮುಂದಿನ ಚಾಲನೆಯನ್ನು ಬಿಡಿಸಿ, ಉಳಿದ ಮೂರು ಚಕ್ರಗಳಿಗೆ ಅಡ್ಡಗಟ್ಟೆ ಕೊಟ್ಟು, ಮುಂದಿನ ಒಂದು ಚಕ್ರವನ್ನು ಮಾತ್ರ ಎತ್ತಿ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ. ಆಚೆಯ ಚಕ್ರ ನಿಂತೇ ಇರುವುದರಿಂದ, ಎತ್ತಿದ ಚಕ್ರದ ಎರಡು ಸುತ್ತು ಎರಡೂ ಚಕ್ರಗಳ ಒಂದೊಂದು ಸುತ್ತಿಗೆ ಸಮ. ಆ ಚಕ್ರವನ್ನು ಸರಿಯಾಗಿ ಎರಡು ಸುತ್ತು ತಿರುಗಿಸಿದಾಗ ಮುಂದಿನ ಪ್ರೊಪೆಲ್ಲರ್ ಶಾಫ್ಟ್ ನಾಲ್ಕು ಸುತ್ತಿಗಿಂತ ತುಸು ಹೆಚ್ಚು ತಿರುಗಿದರೆ ಅನುಪಾತ 4.10, ನಾಲ್ಕಕ್ಕಿಂತ ಕಡಿಮೆ ತಿರುಗಿದರೆ ಒಳಗಿರುವುದು ಹಳೆಯ ಜೋಡಿಯೇ.